ಇಂಜಿನ್ ಕೆಳಗಿಳಿಯುತ್ತದೆ, ಮೇಲೇಳುವುದಿಲ್ಲ: ಔಟ್‌ಬೋರ್ಡ್ ಮೋಟರಿನ ಟಿಲ್ಟ್ ರಿಲೇ ರಿಪೇರಿ

ದೂರು ಇಷ್ಟೇ. 60 ಎಚ್‌ಪಿಯ ಫೋರ್ ಸ್ಟ್ರೋಕ್ ಔಟ್‌ಬೋರ್ಡ್ ಇಂಜಿನ್, ಅಂದರೆ ದೋಣಿಯ ಹಿಂಬದಿಗೆ ಹೊರಗಿನಿಂದ ಕಚ್ಚಿಸುವಂಥದ್ದು. ಅದನ್ನು ಮೇಲೆತ್ತಿ ಇಳಿಸುವುದಕ್ಕೆ ಟಿಲ್ಟ್ ಅನ್ನುತ್ತಾರೆ, ಅದಕ್ಕೊಂದು ಸ್ವಿಚ್ ಇದೆ. ಸ್ವಿಚ್ಚಿನ ಕೆಳಭಾಗ ಒತ್ತಿದರೆ ಗರ್ರ್ ಅಂತ ಸದ್ದು ಮಾಡಿಕೊಂಡು ಇಂಜಿನ್ ಇಳಿಯುತ್ತದೆ. ಮೇಲ್ಭಾಗ ಒತ್ತಿದರೆ ಒಳಗೆಲ್ಲೋ ಟಕ್ ಅನ್ನುತ್ತದೆ. ಮುಂದೆ ಏನೂ ಆಗುವುದಿಲ್ಲ.

ಇಂಜಿನ್ ನನ್ನ ಚಿಕ್ಕಪ್ಪನ ಮಗನದು. ಅವನು ಹೊನ್ನಾವರದಲ್ಲಿ ಶರಾವತಿ ಅಳಿವೆಯಲ್ಲಿ ಪ್ರವಾಸಿಗರನ್ನು ದೋಣಿಯಲ್ಲಿ ಸುತ್ತಾಡಿಸುತ್ತಾನೆ. ಮಳೆಗಾಲಕ್ಕೆ ದೋಣಿ ದಡ ಸೇರಿದ ಮೇಲೆ ಇಂಜಿನ್ ಬಿಚ್ಚಿ, ಪಿಕಪ್‌ಗೆ ಹಾಕಿಕೊಂಡು, ಸಾಗರ, ಶಿವಮೊಗ್ಗ, ತುಮಕೂರು ದಾಟಿ ಪೀಣ್ಯದಲ್ಲಿರುವ ನನ್ನ ಶೆಡ್ಡಿಗೆ ತಂದ. ನನ್ನದು ಆಟೋ ಎಲೆಕ್ಟ್ರಿಕಲ್ ಕೆಲಸ. ಕಾರು, ಟಿಪ್ಪರ್, ಜೀಪಿನ ವಿಂಚು ಇವೇ ಜಾಸ್ತಿ. ದೋಣಿಯ ಇಂಜಿನ್ ನೋಡಿ ಪಕ್ಕದ ಶೆಡ್ಡಿನವರೆಲ್ಲ ಬಂದು ಸುತ್ತ ನಿಂತರು.

"ಅಣ್ಣಾ, ಅಲ್ಲಿ ಒಬ್ಬ ಮೆಕ್ಯಾನಿಕ್ ನೋಡಿದ್ರು. ರಿಲೇ ಟಕ್ ಅಂತದೆ, ಹಾಗಾಗಿ ರಿಲೇ ಸರಿ ಉಂಟು, ಟಿಲ್ಟ್ ಮೋಟರೇ ಹೋಗಿದೆ ಅಂದ್ರು. ಮೋಟರ್ ಸಮೇತ ಇಡೀ ಸೆಟ್ ಬದಲಿಸ್ಬೇಕಂತೆ" ಅಂದ ತಮ್ಮ.

ಇಡೀ ಸೆಟ್ಟಿಗೆ ಆಗುವ ಖರ್ಚು ಸಣ್ಣದಲ್ಲ. ಆದರೆ ಕೆಳಗಿಳಿಸುವುದೂ ಅದೇ ಮೋಟರ್, ಮೇಲೆತ್ತುವುದೂ ಅದೇ ಮೋಟರ್ ಅಲ್ವಾ? ಒಂದು ಕಡೆಗೆ ಚೆನ್ನಾಗಿ ತಿರುಗುವ ಮೋಟರ್ ಇನ್ನೊಂದು ಕಡೆಗೆ ಅಲುಗಾಡುವುದೇ ಇಲ್ಲ ಅಂದರೆ ಮೊದಲು ಮೋಟರಿನ ಹೊರಗೆ ಹುಡುಕಬೇಕು.

ಈ ಟಿಲ್ಟ್ ಯಾಕೆ ಬೇಕು ಅಂತ ಸ್ವಲ್ಪ ಹೇಳಿಬಿಡುತ್ತೇನೆ. ಅಳಿವೆಯಲ್ಲಿ ಇಳಿತದ ಹೊತ್ತಿಗೆ ಮರಳ ದಿಬ್ಬಗಳು ಮೇಲೆ ಬರುತ್ತವೆ. ಆಗ ಇಂಜಿನ್ನನ್ನು ಎತ್ತಿಕೊಳ್ಳದಿದ್ದರೆ ಪ್ರೊಪೆಲ್ಲರ್ ಮರಳಿಗೆ ಬಡಿಯುತ್ತದೆ. ಸಂಜೆ ದೋಣಿ ಕಟ್ಟಿದ ಮೇಲೂ ಇಂಜಿನ್ನಿನ ಕಾಲು ಉಪ್ಪುನೀರಿನಿಂದ ಹೊರಗಿರಬೇಕು. ಇಲ್ಲದಿದ್ದರೆ ಚಿಪ್ಪುಹುಳ ಹತ್ತಿಕೊಳ್ಳುತ್ತವೆ, ಅಲ್ಯೂಮಿನಿಯಂ ಸವೆಯುತ್ತದೆ. ಕೈಯಲ್ಲಿ ಎತ್ತೋಣ ಅಂದರೆ ಇಂಜಿನ್ ನೂರು ಕೆಜಿಗೂ ಜಾಸ್ತಿ. ಬ್ರ್ಯಾಕೆಟ್ಟಿನ ಪಕ್ಕದಲ್ಲಿ ಒಂದು ರಿಲೀಸ್ ಸ್ಕ್ರೂ ಇರುತ್ತದೆ. ಅದನ್ನು ಸಡಿಲಿಸಿದರೆ ಆಯಿಲ್ ಒತ್ತಡ ಇಳಿದು ಕೈಯಿಂದ ಎತ್ತಬಹುದು. ಆದರೆ ಅದಕ್ಕೆ ಇಬ್ಬರು ಬೇಕು, ದೋಣಿ ಅಲುಗಾಡದೆ ನಿಂತಿರಬೇಕು. ಪ್ರವಾಸಿಗರು ತುಂಬಿದ ದೋಣಿಯಲ್ಲಿ ಅದು ಆಗುವ ಕೆಲಸವಲ್ಲ.

ಒಳಗಿನ ವ್ಯವಸ್ಥೆ ಸರಳ. ಒಂದು ಚಿಕ್ಕ 12 ವೋಲ್ಟ್ ಡಿಸಿ ಮೋಟರ್ ಒಂದು ಆಯಿಲ್ ಪಂಪ್ ತಿರುಗಿಸುತ್ತದೆ. ಆಯಿಲ್ ಸಿಲಿಂಡರಿನ ಒಂದು ಬದಿಗೆ ಹೋದರೆ ಇಂಜಿನ್ ಮೇಲೆ, ಇನ್ನೊಂದು ಬದಿಗೆ ಹೋದರೆ ಕೆಳಗೆ. ಮೋಟರಿಗೆ ಬರುವುದು ಎರಡೇ ದಪ್ಪ ವೈರು, ನೀಲಿ ಮತ್ತು ಹಸಿರು. ನೀಲಿಗೆ ಪ್ಲಸ್, ಹಸಿರಿಗೆ ಮೈನಸ್ ಕೊಟ್ಟರೆ ಮೇಲೆ. ಅದಲು ಬದಲು ಮಾಡಿದರೆ ಕೆಳಗೆ. ಬೇರೆ ಬೇರೆ ಕಂಪನಿಯ ಇಂಜಿನ್ನುಗಳಲ್ಲೂ ಮೇಲಕ್ಕೆ ನೀಲಿ, ಕೆಳಕ್ಕೆ ಹಸಿರು ಅನ್ನುವ ಬಣ್ಣದ ರೂಢಿ ಬಹುಪಾಲು ಇದೆ.

ಈ ಅದಲು ಬದಲು ಮಾಡುವ ಕೆಲಸ ರಿಲೇಯದು. ರಿಲೇ ಅಂದರೆ ಕರೆಂಟಿನಿಂದ ಕೆಲಸ ಮಾಡುವ ಸ್ವಿಚ್. ಒಳಗಿನ ಕಾಯಿಲ್‌ಗೆ, ಅಂದರೆ ತಂತಿಯ ಸುತ್ತಿಗೆ ಕರೆಂಟ್ ಬಂದರೆ ಅದು ಅಯಸ್ಕಾಂತದ ಹಾಗೆ ಒಂದು ಲೋಹದ ಪಟ್ಟಿಯನ್ನು ಎಳೆದು ಒಂದು ಪಾಯಿಂಟಿನಿಂದ ಇನ್ನೊಂದಕ್ಕೆ ಕೂರಿಸುತ್ತದೆ. ಹೊರಗಿನಿಂದ ನೋಡಿದರೆ ಒಂದೇ ಕಪ್ಪು ಡಬ್ಬಿ. ಒಳಗೆ ಇರುವುದು ಎರಡು ರಿಲೇ. ಒಂದು ನೀಲಿ ವೈರನ್ನು ನೋಡಿಕೊಳ್ಳುತ್ತದೆ, ಇನ್ನೊಂದು ಹಸಿರನ್ನು. ಇಲ್ಲಿ ಒಂದು ವಿಷಯವನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು, ಇಡೀ ರಿಪೇರಿ ಇದರ ಮೇಲೆಯೇ ನಿಂತಿದೆ. ಸ್ವಿಚ್ ಒತ್ತದೆ ಸುಮ್ನೆ ಇರುವಾಗ ಎರಡೂ ವೈರು ರಿಲೇಯ ಒಳಗೆ ಮೈನಸ್‌ಗೆ ಅಂಟಿಕೊಂಡಿರುತ್ತವೆ. ಹೀಗೆ ಸುಮ್ಮನಿದ್ದಾಗ ಕೂಡಿರುವ ಪಾಯಿಂಟಿಗೆ ನಾವು ಎನ್‌ಸಿ (ನಾರ್ಮಲಿ ಕ್ಲೋಸ್ಡ್) ಅನ್ನುತ್ತೇವೆ. ಕಾಯಿಲ್‌ಗೆ ಕರೆಂಟ್ ಬಂದಾಗ ಕೂಡುವುದು ಎನ್‌ಒ (ನಾರ್ಮಲಿ ಓಪನ್).

ಮೇಲಕ್ಕೆ ಒತ್ತಿದಾಗ ನೀಲಿ ರಿಲೇ ಮಾತ್ರ ಎಳೆಯುತ್ತದೆ. ನೀಲಿ ವೈರು ಮೈನಸ್ ಬಿಟ್ಟು ಪ್ಲಸ್‌ಗೆ ಹೋಗಿ ಕೂರುತ್ತದೆ. ಹಸಿರು ರಿಲೇ ಅಲುಗಾಡುವುದಿಲ್ಲ, ಅದರ ವೈರು ಮೈನಸ್ಸಿನಲ್ಲೇ ಇರುತ್ತದೆ. ಕರೆಂಟ್ ನೀಲಿಯಿಂದ ಮೋಟರಿಗೆ ಹೋಗಿ, ಹಸಿರಿನಿಂದ ಹೊರಬಂದು, ಹಸಿರು ರಿಲೇಯ ಎನ್‌ಸಿ ಪಾಯಿಂಟ್ ದಾಟಿ ಬ್ಯಾಟರಿಗೆ ವಾಪಸ್ ಸೇರುತ್ತದೆ. ಅಂದರೆ ಇಂಜಿನ್ ಮೇಲೇಳಬೇಕಾದರೆ ಕೆಳಗಿಳಿಸುವ ರಿಲೇಯೂ ಸರಿ ಇರಬೇಕು. ಟಕ್ ಅಂದದ್ದು ಒಂದು ರಿಲೇ, ಕೈಕೊಟ್ಟದ್ದು ಇನ್ನೊಂದು. ಹೀಗೂ ಆಗಬಹುದು. ಟಕ್ ಅನ್ನುವ ಸದ್ದಿನಿಂದ ಗೊತ್ತಾಗುವುದು ಒಂದೇ, ಆ ಕಾಯಿಲ್‌ಗೆ ಕರೆಂಟ್ ಬಂದು ಪಟ್ಟಿ ಎಳೆದಿದೆ ಅಂತ. ಪಾಯಿಂಟ್‌ಗಳ ಮೂಲಕ ಕರೆಂಟ್ ಹರಿಯಿತೋ ಇಲ್ಲವೋ ಅನ್ನುವುದನ್ನು ಆ ಸದ್ದು ಹೇಳುವುದಿಲ್ಲ.

ಕೆಲಸ ಶುರು ಮಾಡುವ ಮೊದಲು ಸ್ಟ್ಯಾಂಡ್. ಆಂಗಲ್ ವೆಲ್ಡ್ ಮಾಡಿ, ದೋಣಿಯ ಹಿಂಬದಿ ಹಲಗೆಯಷ್ಟೇ ದಪ್ಪದ ಮರ ಕೂರಿಸಿ, ಸ್ಟ್ಯಾಂಡನ್ನು ನೆಲಕ್ಕೆ ಬೋಲ್ಟ್ ಹಾಕಿ ಇಂಜಿನ್ ಕಚ್ಚಿಸಿದೆವು. ಟಿಲ್ಟ್ ಆಗುವಾಗ ಭಾರ ಹಿಂದಕ್ಕೆ ಹೋಗುತ್ತದೆ, ಸ್ಟ್ಯಾಂಡ್ ಮಗುಚಿದರೆ ಕಾಲಿನ ಮೇಲೆ ಬೀಳುತ್ತದೆ. ಇಂಜಿನ್ ಮೇಲಿರುವಾಗ ಅದರ ಕೆಳಗೆ ಕೈ ಹಾಕಬಾರದು. ಹಾಕಲೇಬೇಕಾದರೆ ಬ್ರ್ಯಾಕೆಟ್ಟಿನ ಟಿಲ್ಟ್ ಲಾಕ್ ಹಾಕಿ, ಕೆಳಗೊಂದು ಮರದ ದಿಮ್ಮಿಯನ್ನೂ ಕೊಡಬೇಕು. ಆಯಿಲ್ ಒತ್ತಡವನ್ನು ನಂಬಿ ಕೈ ಕೊಡಬಾರದು.

ರಿಮೋಟ್ ಹ್ಯಾಂಡಲ್ ದೋಣಿಯಲ್ಲೇ ಉಳಿದಿತ್ತು. ಅದೇನೂ ತೊಂದರೆಯಾಗಲಿಲ್ಲ. ಈ ಇಂಜಿನ್ನಿನ ಕೆಳಗಿನ ಮುಚ್ಚಳದ ಪಕ್ಕದಲ್ಲೇ ಇನ್ನೊಂದು ಟಿಲ್ಟ್ ಸ್ವಿಚ್ ಇದೆ, ಕೀ ಇಲ್ಲದೆಯೂ ಕೆಲಸ ಮಾಡುತ್ತದೆ. ಎರಡು ಸ್ವಿಚ್‌ನಲ್ಲೂ ತೊಂದರೆ ಒಂದೇ ಥರ ಇತ್ತು ಅಂತ ತಮ್ಮ ಹೇಳಿದ. ಎರಡು ಸ್ವಿಚ್ ಒಟ್ಟಿಗೆ ಒಂದೇ ರೀತಿ ಕೆಡುವುದು ಅಪರೂಪ. ಜೊತೆಗೆ ರಿಲೇ ಟಕ್ ಅನ್ನುತ್ತಿದೆ, ಅಂದರೆ ಸ್ವಿಚ್ಚಿನಿಂದ ಕರೆಂಟ್ ಬರುತ್ತಿದೆ. ಹಾಗಾಗಿ ಸ್ವಿಚ್ಚನ್ನು ಅಲ್ಲಿಗೆ ಬಿಟ್ಟೆ.

ಶೆಡ್ಡಿನ ಬ್ಯಾಟರಿ ಜೋಡಿಸಿ, ಮೀಟರಿನ ಎರಡು ಕಡ್ಡಿಯನ್ನು ಬ್ಯಾಟರಿಯ ಮೇಲೆಯೇ ಇಟ್ಟೆ. 12.7 ವೋಲ್ಟ್. ಕೆಳಕ್ಕೆ ಒತ್ತಿದಾಗ 12ರ ಆಸುಪಾಸಿಗೆ ಇಳಿಯಿತು, ಬಿಟ್ಟ ತಕ್ಷಣ ಮತ್ತೆ ಏರಿತು. ಮೇಲಕ್ಕೆ ಒತ್ತಿದಾಗ ಮೀಟರಿನ ಅಂಕಿ ಹೆಚ್ಚುಕಡಿಮೆ ನಿಂತಲ್ಲೇ ನಿಂತಿತ್ತು.

ಈ ಚಿಕ್ಕ ಅಳತೆಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಆದರೆ ಅರ್ಧ ಉತ್ತರ ಇಲ್ಲೇ ಇದೆ. ಮೋಟರ್ ಜಾಮ್ ಆಗಿದ್ದರೆ, ಪಂಪ್ ಕಚ್ಚಿಕೊಂಡಿದ್ದರೆ, ಮೋಟರ್ ಜಾಸ್ತಿ ಕರೆಂಟ್ ಎಳೆಯುತ್ತಿತ್ತು. ಬ್ಯಾಟರಿಯ ವೋಲ್ಟೇಜ್ ಇನ್ನೂ ಕೆಳಗೆ ಕುಸಿಯುತ್ತಿತ್ತು, ವೈರು ಬಿಸಿಯಾಗುತ್ತಿತ್ತು. ಇಲ್ಲಿ ಮೋಟರ್ ಏನನ್ನೂ ಎಳೆಯುತ್ತಿಲ್ಲ. ಅಂದರೆ ದಾರಿ ಎಲ್ಲೋ ಕಟ್ ಆಗಿದೆ.

ಆದರೂ ಮೋಟರನ್ನು ನೇರವಾಗಿ ಓಡಿಸಿ ನೋಡಲೇಬೇಕು, ತಮ್ಮನಿಗೂ ಸಮಾಧಾನವಾಗಬೇಕಲ್ಲ. ಇಲ್ಲೊಂದು ಎಚ್ಚರ. ರಿಲೇಯಿಂದ ನೀಲಿ, ಹಸಿರು ವೈರುಗಳನ್ನು ಬಿಚ್ಚದೆ ಅವಕ್ಕೆ ಬ್ಯಾಟರಿಯ ಪ್ಲಸ್ ಕೊಡಬೇಡಿ. ಸುಮ್ಮನಿದ್ದಾಗ ಅವು ಒಳಗೆ ಮೈನಸ್‌ಗೆ ಸೇರಿವೆ ಅಂತ ಮೇಲೆ ಹೇಳಿದೆನಲ್ಲ. ಪ್ಲಸ್ ಮುಟ್ಟಿಸಿದರೆ ನೇರ ಶಾರ್ಟ್. ಕಿಡಿ ಹಾರುತ್ತದೆ, ಪಕ್ಕದಲ್ಲಿ ಪೆಟ್ರೋಲ್ ಪೈಪ್ ಇರುತ್ತದೆ. ಎರಡನ್ನೂ ಬಿಚ್ಚಿ, ಮಧ್ಯೆ ಫ್ಯೂಸ್ ಹಾಕಿದ ಜಂಪರ್ ವೈರಿನಲ್ಲಿ ಕೊಟ್ಟೆ. ನೀಲಿಗೆ ಪ್ಲಸ್, ಹಸಿರಿಗೆ ಮೈನಸ್. ಇಂಜಿನ್ ತಡವರಿಸದೆ ಮೇಲೆದ್ದಿತು. ಅದಲು ಬದಲು ಮಾಡಿದೆ, ಇಳಿಯಿತು.

"ಅಯ್ಯೋ, ಮೋಟರ್ ಸರಿ ಉಂಟಲ್ಲ ಅಣ್ಣಾ!" ಅಂದ ತಮ್ಮ. ಮೋಟರ್, ಪಂಪ್, ಸಿಲಿಂಡರ್ ಮೂರರ ಮೇಲಿದ್ದ ಅನುಮಾನವೂ ಅಲ್ಲಿಗೆ ಹೋಯಿತು.

ಉಳಿದದ್ದು ರಿಲೇ ಡಬ್ಬಿ ಮತ್ತು ಅದಕ್ಕೆ ಬರುವ ಕೆಂಪು, ಕಪ್ಪು ವೈರು. ಸುಮಾರು ಜನ ಈ ಹಂತದಲ್ಲಿ ರಿಲೇ ಬದಲಿಸಿ ಮುಗಿಸುತ್ತಾರೆ. ಅದು ತಪ್ಪಲ್ಲ. ಆದರೆ ತೊಂದರೆ ಕಪ್ಪು ವೈರಿನ ಅರ್ಥಿಂಗ್ ಲಗ್ಗಿನಲ್ಲಿದ್ದರೆ (ಲಗ್ ಅಂದರೆ ವೈರಿನ ತುದಿಗೆ ಹಾಕುವ ಲೋಹದ ತುಂಡು) ಹೊಸ ರಿಲೇಯೂ ಕೆಲಸ ಮಾಡುವುದಿಲ್ಲ. ದುಡ್ಡು ಕೊಡುವ ಮೊದಲು ಯಾವ ಪಾಯಿಂಟ್ ಹೋಗಿದೆ ಅಂತ ಬೆರಳಿಟ್ಟು ತೋರಿಸುವಷ್ಟು ಗೊತ್ತಿರಬೇಕು ಅನ್ನುವುದು ನನ್ನ ಅಭ್ಯಾಸ.

ಸ್ವಲ್ಪ ಯೋಚಿಸಿದರೆ ಮೀಟರ್ ಇಲ್ಲದೆಯೇ ಅರ್ಧ ದಾರಿ ಸವೆಯುತ್ತದೆ. ಕೆಳಗಿಳಿಯುವಾಗ ಕರೆಂಟ್ ಯಾವ ದಾರಿಯಲ್ಲಿ ಹೋಗುತ್ತದೆ? ಕೆಂಪು ವೈರು, ಹಸಿರು ರಿಲೇಯ ಎನ್‌ಒ, ಮೋಟರ್, ನೀಲಿ ರಿಲೇಯ ಎನ್‌ಸಿ, ಕಪ್ಪು ವೈರು. ಕೆಳಗಿಳಿಯುವುದು ಸರಿ ಇದೆ, ಹಾಗಾಗಿ ಈ ದಾರಿಯಲ್ಲಿರುವ ಎಲ್ಲವೂ ಸರಿ. ಕೆಂಪು ಸರಿ, ಕಪ್ಪೂ ಸರಿ. ಮೇಲೇಳುವ ದಾರಿಯಲ್ಲಿ ಹೊಸದಾಗಿ ಸೇರುವುದು ಎರಡೇ ಜಾಗ, ನೀಲಿ ರಿಲೇಯ ಎನ್‌ಒ ಮತ್ತು ಹಸಿರು ರಿಲೇಯ ಎನ್‌ಸಿ. ಕಳ್ಳ ಈ ಇಬ್ಬರಲ್ಲಿ ಒಬ್ಬ.

ಮೋಟರಿನ ವೈರುಗಳನ್ನು ಮತ್ತೆ ರಿಲೇಗೆ ಜೋಡಿಸಿದೆ. ಮೀಟರಿನ ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್ ಮೇಲೆ. ಕೆಂಪು ಕಡ್ಡಿ ನೀಲಿ ವೈರಿನ ಲಗ್ ಮೇಲೆ. ತಮ್ಮ ಮೇಲಕ್ಕೆ ಒತ್ತಿ ಹಿಡಿದ. 12.6. ಅಂದರೆ ನೀಲಿಗೆ ಪ್ಲಸ್ ಬರುತ್ತಿದೆ, ಅದರ ಎನ್‌ಒ ಕೂಡುತ್ತಿದೆ. ಅವನು ಕೈ ಬಿಡುವ ಮೊದಲು ಕೆಂಪು ಕಡ್ಡಿಯನ್ನು ಹಸಿರಿನ ಲಗ್ಗಿಗೆ ಸರಿಸಿದೆ. ಮೈನಸ್‌ಗೆ ಕೂಡಿದ ವೈರು ಅದು, ಅಲ್ಲಿ ಸೊನ್ನೆಯ ಹತ್ತಿರ ಇರಬೇಕು. ಮೀಟರ್ ತೋರಿಸಿದ್ದು 12.6.

ನೀಲಿಯಿಂದ ಹೋದ ವೋಲ್ಟೇಜ್ ಮೋಟರಿನ ಸುತ್ತು ದಾಟಿ ಹಸಿರಿನ ಲಗ್ಗಿನ ತನಕ ಬಂದು ನಿಂತಿದೆ. ಮುಂದೆ ಮೈನಸ್‌ಗೆ ಇಳಿಯಲು ದಾರಿಯಿಲ್ಲ. ಸಿಂಕಿನ ಕೆಳಗೆ ಪೈಪು ಕಟ್ಟಿಕೊಂಡರೆ ನೀರು ಅಂಚಿನ ತನಕ ನಿಲ್ಲುತ್ತದಲ್ಲ, ಹಾಗೆ. ಬರೀ ಪ್ಲಸ್ ಬಂತಾ ಅಂತ ಟೆಸ್ಟ್ ಲ್ಯಾಂಪ್ ಹಿಡಿದು ನೋಡುವವರು ಇಲ್ಲೇ ದಾರಿ ತಪ್ಪುತ್ತಾರೆ. ನೀಲಿಯಲ್ಲಿ ಲ್ಯಾಂಪ್ ಉರಿಯುತ್ತದೆ, ಮೋಟರಿಗೆ ಕರೆಂಟ್ ಬಂದಿದೆ, ಆದರೂ ತಿರುಗುತ್ತಿಲ್ಲ, ಹಾಗಾದರೆ ಮೋಟರ್ ಹೋಗಿದೆ ಅಂತ ತೀರ್ಮಾನ ಮಾಡಿಬಿಡುತ್ತಾರೆ. ಮೋಟರಿನ ಎರಡು ವೈರುಗಳ ನಡುವೆ ಅಳೆದಿದ್ದರೆ ಸೊನ್ನೆ ಬರುತ್ತಿತ್ತು. ಮೋಟರನ್ನು ದೂರುವ ಮೊದಲು ಅದರ ಎರಡು ಕಾಲುಗಳ ನಡುವೆ ಅಳೆಯಲೇಬೇಕು.

ಖಚಿತ ಮಾಡಿಕೊಳ್ಳಲು ಇನ್ನೊಂದು ಪರೀಕ್ಷೆ ಮಾಡಿದೆ. ಅನುಮಾನ ಇದ್ದ ಆ ಒಂದೇ ಪಾಯಿಂಟನ್ನು ಬದಿಗೆ ಸರಿಸುವುದು. ಫ್ಯೂಸ್ ಇರುವ ಜಂಪರ್‌ನ ಒಂದು ತುದಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಹಸಿರಿನ ಲಗ್ಗಿಗೆ. ಈಗ ಮೇಲಕ್ಕೆ ಒತ್ತಿದರೆ ಇಂಜಿನ್ ಮೇಲೆದ್ದಿತು. ಈ ಜಂಪರ್ ಇರುವಾಗ ಅಪ್ಪಿತಪ್ಪಿಯೂ ಕೆಳಕ್ಕೆ ಒತ್ತಬಾರದು. ಒತ್ತಿದರೆ ಹಸಿರು ರಿಲೇ ಅದೇ ಲಗ್ಗಿಗೆ ಪ್ಲಸ್ ಕೊಡುತ್ತದೆ, ಫ್ಯೂಸ್ ಇಲ್ಲದಿದ್ದರೆ ವೈರು ಕೆಂಪಗಾಗುತ್ತದೆ. ತಮ್ಮನ ಕೈಯಿಂದ ಸ್ವಿಚ್ ಬಿಡಿಸಿ ನಾನೇ ಒತ್ತಿದ್ದು ಅದಕ್ಕೇ.

ಆಮೇಲೆ ಬ್ಯಾಟರಿ ಬಿಚ್ಚಿ, ರಿಲೇ ಹೊರಗೆ ತೆಗೆದು ಓಮ್ಸ್‌ನಲ್ಲಿ ನೋಡಿದೆ. ನೀಲಿಯಿಂದ ಕಪ್ಪಿಗೆ 0.2 ಓಮ್. ಅದರಲ್ಲಿ ಬಹುಪಾಲು ಮೀಟರಿನ ಕಡ್ಡಿಗಳದ್ದೇ. ಹಸಿರಿನಿಂದ ಕಪ್ಪಿಗೆ ಏನೂ ಇಲ್ಲ, ಓಪನ್. ಸ್ಕ್ರೂಡ್ರೈವರಿನ ಹಿಡಿಯಿಂದ ಡಬ್ಬಿಯನ್ನು ಮೆಲ್ಲಗೆ ತಟ್ಟಿದರೆ ಅಂಕಿ ಒಂದು ಕ್ಷಣ ಬಂದು ಮತ್ತೆ ಹೋಯಿತು.

"ಹೌದು ಅಣ್ಣಾ, ಮೊದ್ಲು ಮುಚ್ಚಳಕ್ಕೆ ಒಂದು ಗುದ್ದಿದ್ರೆ ಏಳ್ತಿತ್ತು. ಆಮೇಲೆ ಅದೂ ನಿಂತೋಯ್ತು" ಅಂತ ತಮ್ಮ ನೆನಪು ಮಾಡಿಕೊಂಡ. ಗುದ್ದಿದರೆ ಸರಿ ಹೋಗುವ ರಿಲೇ ಅಂದರೆ ಪಾಯಿಂಟ್ ಹೋಗುತ್ತಾ ಇದೆ ಅಂತ ಅರ್ಥ. ಅವತ್ತೇ ಬದಲಿಸಬೇಕು.

ಓಮ್ಸ್ ಅಳತೆಯ ಬಗ್ಗೆ ಒಂದು ಮಾತು. ಇಲ್ಲಿ ಪೂರ್ತಿ ಓಪನ್ ಇದ್ದದ್ದರಿಂದ ಮೀಟರ್ ಸುಲಭವಾಗಿ ಹಿಡಿಯಿತು. ಅರೆಬರೆ ಕೆಟ್ಟ ಪಾಯಿಂಟನ್ನು ಅದು ಹಿಡಿಯುವುದಿಲ್ಲ. ಮೀಟರ್ ಓಮ್ಸ್ ಅಳೆಯುವಾಗ ಹರಿಸುವ ಕರೆಂಟ್ ತೀರಾ ಕಡಿಮೆ. ಕೂದಲೆಳೆಯಷ್ಟು ತಾಮ್ರ ತಾಗಿದ್ದರೂ ಸಾಕು, ಬೀಪ್ ಅನ್ನುತ್ತದೆ. ಅದೇ ಪಾಯಿಂಟಿನಲ್ಲಿ 25 ಆಂಪ್ ಹರಿಸಿದಾಗ ಕಥೆ ಬೇರೆ. 0.3 ಓಮ್ ಉಳಿದಿದ್ದರೆ 25 ಆಂಪ್‌ಗೆ 7.5 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. ಮೋಟರಿಗೆ ಸಿಗುವುದು ಉಳಿದ ಐದು ವೋಲ್ಟ್. ಅದಕ್ಕೇ ಬೀಪ್ ಸದ್ದನ್ನು ನಾನು ನಂಬುವುದಿಲ್ಲ, ಲೋಡ್ ಕೊಟ್ಟೇ ನೋಡುತ್ತೇನೆ. ಶೆಡ್ಡಿನಲ್ಲಿ ಯಾವಾಗಲೂ ಒಂದು ಎಚ್‌4 ಹೆಡ್‌ಲೈಟ್ ಬಲ್ಬಿಗೆ ವೈರು ಬೆಸೆದು ಇಟ್ಟಿರುತ್ತೇನೆ. 60/55 ವಾಟಿನದು. ಎರಡೂ ಫಿಲಮೆಂಟ್ ಒಟ್ಟಿಗೆ ಉರಿಸಿದರೆ ಒಂಬತ್ತೂವರೆ ಆಂಪ್‌ನ ಹತ್ತಿರ ಎಳೆಯುತ್ತದೆ. ಪಾಯಿಂಟಿನ ಮೂಲಕ ಈ ಬಲ್ಬ್ ಉರಿಸಿ, ಪಾಯಿಂಟಿನ ಎರಡು ಬದಿಗೆ ಮೀಟರ್ ಇಟ್ಟರೆ ಎಷ್ಟು ವೋಲ್ಟ್ ಅಲ್ಲಿ ಕಳೆದುಹೋಗುತ್ತಿದೆ ಅಂತ ನಿಖರವಾಗಿ ಗೊತ್ತಾಗುತ್ತದೆ. ಒಳ್ಳೆಯ ರಿಲೇಯಲ್ಲಿ ಅದು ವೋಲ್ಟಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಇರುತ್ತದೆ. ನೀಲಿಯ ಎನ್‌ಸಿಯನ್ನು ಹೀಗೆ ನೋಡಿದೆ. ಓಮ್ಸ್‌ನಲ್ಲಿ ಸರಿ ಅಂದದ್ದು ಲೋಡ್ ಬಿದ್ದಾಗ ಅರ್ಧ ವೋಲ್ಟ್ ನುಂಗುತ್ತಿತ್ತು. ಅಂದರೆ ಅದೂ ಹೋಗುವ ದಾರಿಯಲ್ಲೇ ಇತ್ತು. ಇನ್ನು ಸ್ವಲ್ಪ ದಿನದಲ್ಲಿ ಇಂಜಿನ್ ಇಳಿಯುವುದನ್ನೂ ನಿಲ್ಲಿಸುತ್ತಿತ್ತು.

ಹಳೆಯ ರಿಲೇಯ ಒಳಗೆ

ಈ ರಿಲೇ ಬಿಚ್ಚಿ ರಿಪೇರಿ ಮಾಡುವ ಹಾಗೆ ಮಾಡಿದ್ದಲ್ಲ. ಕೆಳಗಡೆ ಎಪಾಕ್ಸಿ ಸುರಿದು ಮುಚ್ಚಿರುತ್ತಾರೆ. ಹೇಗೂ ಬದಲಿಸುವುದೇ ಅಂತ ತೀರ್ಮಾನವಾದ ಮೇಲೆ ಹ್ಯಾಕ್ಸಾ ಬ್ಲೇಡಿನಲ್ಲಿ ಡಬ್ಬಿಯ ಅಂಚು ಕೊಯ್ದು ತೆಗೆದೆ. ಒಳಗೇನಾಗಿದೆ ಅಂತ ಕಣ್ಣಾರೆ ನೋಡದಿದ್ದರೆ ಹೊಸದೂ ಹೀಗೆಯೇ ಹೋಗುತ್ತದೆ.

ನೀಲಿ ಬದಿ ಮಂಕಾಗಿತ್ತು, ಅಷ್ಟೇ. ಹಸಿರಿನ ಬದಿಯಲ್ಲಿ ಲಗ್ ಒಳಗೆ ಇಳಿಯುವ ಜಾಗದಿಂದಲೇ ಕಿಲುಬು ಶುರುವಾಗಿತ್ತು. ತಿಳಿ ಹಸಿರು ಪುಡಿ, ಅಂಚಿನಲ್ಲಿ ಬಿಳಿ ಉಪ್ಪಿನ ಗೆರೆ. ಭೂತಗನ್ನಡಿ ಹಿಡಿದು ನೋಡಿದರೆ ಎನ್‌ಸಿ ಪಾಯಿಂಟಿನ ಗುಂಡಿ ಅರ್ಧ ಕಪ್ಪಾಗಿ, ನಡುವೆ ಒಂದು ಸಣ್ಣ ಕುಳಿ ಬಿದ್ದಿತ್ತು. ಆ ಕುಳಿಯ ಸುತ್ತ ಎದ್ದ ಅಂಚಿನ ಮೇಲೆ ಪಟ್ಟಿ ಕೂರುತ್ತಿತ್ತು. ಅಂಚಿನ ಮೇಲೆ ಕಪ್ಪು ಪದರ, ಅದರ ಮೇಲೆ ಕಿಲುಬಿನ ಪುಡಿ. ಪಟ್ಟಿಯನ್ನು ಹಿಂದಕ್ಕೆ ಎಳೆಯುವ ಸ್ಪ್ರಿಂಗಿನ ಮೇಲೂ ತುಕ್ಕು. ಎನ್‌ಒ ಪಾಯಿಂಟನ್ನು ಕಾಯಿಲ್ ಬಲವಾಗಿ ಎಳೆದು ಒತ್ತುತ್ತದೆ. ಎನ್‌ಸಿಯನ್ನು ಒತ್ತುವುದು ಬರೀ ಈ ಸ್ಪ್ರಿಂಗ್. ಸ್ಪ್ರಿಂಗ್ ಸೋತರೆ ಒತ್ತಡ ಕಡಿಮೆ, ಒತ್ತಡ ಕಡಿಮೆಯಾದರೆ ಕೊಳೆಯನ್ನು ದಾಟಿ ತಾಮ್ರ ತಾಗುವುದಿಲ್ಲ. ಇಂಥ ರಿಲೇಯಲ್ಲಿ ಎನ್‌ಸಿ ಮೊದಲು ಕೈಕೊಡುವುದಕ್ಕೆ ಇದೂ ಒಂದು ಕಾರಣ.

ಕುಳಿ ಯಾಕೆ ಬಿತ್ತು? ಸ್ವಿಚ್ ಬಿಟ್ಟಾಗ ಮೋಟರ್ ತಕ್ಷಣ ನಿಲ್ಲುವುದಿಲ್ಲ, ಓಟದಲ್ಲಿ ಇನ್ನೊಂದಿಷ್ಟು ತಿರುಗುತ್ತದೆ. ಆ ಹೊತ್ತಿಗೆ ಪಟ್ಟಿ ವಾಪಸ್ ಬಂದು ಎನ್‌ಸಿ ಮೇಲೆ ಕೂರುತ್ತದೆ. ಮೋಟರಿನ ಎರಡು ವೈರೂ ಮೈನಸ್ಸಿನಲ್ಲಿ ಒಂದಾಗುತ್ತವೆ. ತಿರುಗುವ ಮೋಟರ್ ಆಗ ಡೈನಮೋ ಥರ ಕರೆಂಟ್ ಹುಟ್ಟಿಸಿ ತನಗೆ ತಾನೇ ಬ್ರೇಕ್ ಹಾಕಿಕೊಳ್ಳುತ್ತದೆ. ಈ ಬ್ರೇಕ್ ಒಳ್ಳೆಯದೇ, ಇಂಜಿನ್ ಬೇಕಾದ ಕಡೆ ನಿಲ್ಲುತ್ತದೆ. ಆದರೆ ಪ್ರತಿ ಸಲವೂ ಎನ್‌ಸಿ ಮೇಲೆ ಸಣ್ಣ ಕಿಡಿ ಬೀಳುತ್ತದೆ. ಮೇಲಕ್ಕೆ ಒತ್ತಿದ್ದನ್ನು ಬಿಡದೆ ಸರಕ್ಕನೆ ಕೆಳಕ್ಕೆ ತಿರುಗಿಸುವ ಅಭ್ಯಾಸ ಇದ್ದರೆ ಕಿಡಿ ಇನ್ನೂ ಜೋರು. ನಡುವೆ ಒಂದು ಕ್ಷಣ ಕೈ ಬಿಡು ಅಂತ ತಮ್ಮನಿಗೆ ಹೇಳಿದ್ದೇನೆ.

ಪಾಯಿಂಟ್ ಉಜ್ಜಿ ಮತ್ತೆ ಹಾಕಬಾರದಾ ಅಂತ ಅಲ್ಲಿ ನಿಂತಿದ್ದವರು ಕೇಳಿದರು. ತುರ್ತಿಗೆ ಆಗುತ್ತದೆ. ಆದರೆ ಮೇಲಿರುವ ಬೆಳ್ಳಿಯ ಪದರ ಉಜ್ಜಿ ಹೋದರೆ ಕೆಳಗಿನ ತಾಮ್ರ ಬೇಗ ಕಪ್ಪಾಗುತ್ತದೆ. ಕೊಯ್ದ ಡಬ್ಬಿಯನ್ನು ಮತ್ತೆ ನೀರು ಹೋಗದ ಹಾಗೆ ಮುಚ್ಚುವುದೂ ಕಷ್ಟ.

ತಮ್ಮನ ಪ್ರಶ್ನೆ ಇನ್ನೂ ಚೆನ್ನಾಗಿತ್ತು. "ಅಣ್ಣಾ, ಜೆಸಿ ರೋಡಲ್ಲಿ ಸಿಗೋ ಕಾರಿನ 5 ಪಿನ್ ರಿಲೇ ಎರಡು ಹಾಕಿದ್ರೆ ಆಗಲ್ವಾ?" ವೈರಿಂಗ್ ಲೆಕ್ಕದಲ್ಲಿ ಆಗುತ್ತದೆ. 30ನೇ ಪಿನ್ ಮೋಟರಿಗೆ, 87 ಪ್ಲಸ್‌ಗೆ, 87ಎ ಮೈನಸ್‌ಗೆ, 85 ಮತ್ತು 86 ಕಾಯಿಲ್‌ಗೆ. ಇಂಥವು ಎರಡಿದ್ದರೆ ಡಬ್ಬಿಯೊಳಗಿನ ವ್ಯವಸ್ಥೆಯೇ ತಯಾರು. ಆದರೂ ನಾನು ಒಪ್ಪಲಿಲ್ಲ. ಆ ರಿಲೇಗಳ ಮೇಲೆ 40/30 ಅಂತ ಬರೆದಿರುತ್ತದೆ. ಎನ್‌ಒ ಪಾಯಿಂಟಿಗೆ 40 ಆಂಪ್, ಎನ್‌ಸಿ ಪಾಯಿಂಟಿಗೆ 30. ಸಾಮಾನ್ಯ ಕೆಲಸದಲ್ಲಿ ಎನ್‌ಸಿ ಮೇಲೆ ಭಾರ ಕಡಿಮೆ, ನಡೆಯುತ್ತದೆ. ಇಲ್ಲಿ ಹಾಗಲ್ಲ. ಹೋಗುವ ಕರೆಂಟ್ ಎಷ್ಟೋ ಬರುವ ಕರೆಂಟ್ ಅಷ್ಟೇ, ಮೋಟರಿನ ಪೂರ್ತಿ ಭಾರ ಎನ್‌ಸಿ ಮೇಲೂ ಬೀಳುತ್ತದೆ. ಸಿಲಿಂಡರ್ ಕೊನೆ ಮುಟ್ಟಿದ ಮೇಲೂ ಸ್ವಿಚ್ ಒತ್ತಿ ಹಿಡಿದರೆ ಕರೆಂಟ್ ಇನ್ನೂ ಏರುತ್ತದೆ. ಎರಡನೆಯದು, ಇಂಜಿನ್ ಮುಚ್ಚಳದ ಒಳಗೆ ಪೆಟ್ರೋಲ್ ಆವಿ ಸೇರುವ ಸಾಧ್ಯತೆ ಇದೆ. ಅಲ್ಲಿ ಕಿಡಿ ಹೊರಗೆ ಬಾರದ ಹಾಗೆ ಮುಚ್ಚಿದ ರಿಲೇಯೇ ಬೇಕು. ಜನ ಕೂರುವ ದೋಣಿ ಅದು, ಮಕ್ಕಳು ಕೂರುತ್ತಾರೆ. ಕಂಪನಿಯ ಪಾರ್ಟ್ ನಂಬರ್ ಹಾಕಿ ಅಸಲಿ ರಿಲೇಯನ್ನೇ ತರಿಸಲು ಹೇಳಿದೆ. ಬರುವುದು ತಡವಾಯಿತು, ಬೆಲೆಯೂ ಜಾಸ್ತಿ. ಆದರೂ ಇಡೀ ಸೆಟ್ಟಿನ ಬೆಲೆಯ ಮುಂದೆ ಅದು ಏನೇನೂ ಅಲ್ಲ.

ಉಪ್ಪು ಬಂದ ದಾರಿ

ರಿಲೇ ಬರುವ ತನಕ ನೀರು ಎಲ್ಲಿಂದ ಹೋಗಿದೆ ಅಂತ ಹುಡುಕಿದೆ. ಮೇಲಿನ ಮುಚ್ಚಳದ ಸುತ್ತ ಇರುವ ರಬ್ಬರ್ ಬೀಡಿಂಗ್ ಹಿಂಬದಿಯಲ್ಲಿ ಹರಿದು ಒಳಕ್ಕೆ ಮಡಚಿಕೊಂಡಿತ್ತು. ಅದರ ನೇರ ಕೆಳಗೆ ರಿಲೇ. ಅಲೆಯ ಎರಚಲು ಅಲ್ಲಿಂದಲೇ ಇಳಿದಿದೆ. ಜೊತೆಗೆ ಯಾರೋ ಪ್ರೆಶರ್ ವಾಷರ್ ಹಿಡಿದು ತೊಳೆದ ಗುರುತು ಇತ್ತು. ಉಪ್ಪುನೀರಿನಲ್ಲಿ ಓಡಿದ ಇಂಜಿನ್ನಿಗೆ ಸಿಹಿನೀರಿನ ತೊಳೆತ ಬೇಕೇ ಬೇಕು. ಆದರೆ ಮುಚ್ಚಳ ತೆಗೆದು ಒಳಗೆ ಜೋರಾಗಿ ನೀರು ಹೊಡೆದರೆ ಉಪ್ಪು ಹೋಗುವ ಬದಲು ಸಂದುಗೊಂದಿಯ ಒಳಗೆ ಸೇರಿಕೊಳ್ಳುತ್ತದೆ.

ಇನ್ನೊಂದು ಕಾರಣವೂ ಇತ್ತು. ಕೆಂಪು ವೈರಿನಲ್ಲಿ ಬ್ಯಾಟರಿಯ ಪ್ಲಸ್ ಹಗಲೂ ರಾತ್ರಿ ಇರುತ್ತದೆ. ಪಕ್ಕದಲ್ಲೇ ಮೈನಸ್‌ಗೆ ಕೂಡಿದ ಲಗ್‌ಗಳು. ನಡುವೆ ಉಪ್ಪಿನ ತೇವ ಇದ್ದರೆ ಸದಾ ಒಂದಿಷ್ಟು ಕರೆಂಟ್ ಸೋರುತ್ತಾ ಇರುತ್ತದೆ. ಹೀಗೆ ಸೋರುವಾಗ ಪ್ಲಸ್ ಬದಿಯ ತಾಮ್ರ ಕರಗಿ ಕಿಲುಬಾಗುತ್ತದೆ. ಕೆಂಪು ವೈರಿನ ಲಗ್ಗಿನ ಅಂಚು ತೆಳ್ಳಗಾಗಿದ್ದು ಇದರಿಂದಲೇ. ದೋಣಿಯಲ್ಲಿ ಬ್ಯಾಟರಿ ಐಸೊಲೇಟರ್ ಸ್ವಿಚ್ ಇದೆಯಂತೆ, ಆದರೆ ಯಾರೂ ಅದನ್ನು ಆಫ್ ಮಾಡುತ್ತಿರಲಿಲ್ಲ. ರಾತ್ರಿ ಆಫ್ ಮಾಡಿದರೆ ಈ ಸವೆತ ಅಲ್ಲಿಗೇ ನಿಲ್ಲುತ್ತದೆ.

ಕೆಂಪು ವೈರಿನ ಲಗ್ ಕತ್ತರಿಸಿ ಇನ್ಸುಲೇಷನ್ ಸುಲಿದರೆ ಒಳಗಿನ ಎಳೆಗಳು ಕಪ್ಪಗಾಗಿದ್ದವು. ಉಪ್ಪುನೀರು ಎಳೆಗಳ ನಡುವೆ ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ ಏರಿಬಿಡುತ್ತದೆ. ಕಪ್ಪು ಎಳೆಗೆ ಬೆಸುಗೆ ಹಿಡಿಯುವುದಿಲ್ಲ, ಕ್ರಿಂಪ್ ಮಾಡಿದರೂ ಬಿಸಿಯಾಗುತ್ತದೆ. ಹೊಳೆಯುವ ತಾಮ್ರ ಸಿಗುವ ತನಕ ಕತ್ತರಿಸುತ್ತಾ ಹೋದೆ. ಕಡಿಮೆ ಬಿದ್ದ ಉದ್ದಕ್ಕೆ ತವರ ಲೇಪಿಸಿದ ವೈರು ಹಾಕಿದೆ. ಎಸ್‌ಪಿ ರೋಡಿನಲ್ಲಿ ಸಿಕ್ಕಿತು. ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವನ್ನೂ ಅಲ್ಲೇ ತಂದೆ. ಬಿಸಿ ಮಾಡಿದಾಗ ತುದಿಯಿಂದ ಅಂಟು ಚೂರು ಹೊರಗೆ ಬಂದರೆ ಸರಿಯಾಗಿ ಮುಚ್ಚಿಕೊಂಡಿದೆ ಅಂತ. ಅಂಟಿಲ್ಲದ ಸಾದಾ ಸ್ಲೀವ್ ಸಮುದ್ರದ ಕೆಲಸಕ್ಕೆ ಬೇಡ, ಅದು ನೀರನ್ನು ಒಳಗೇ ಹಿಡಿದಿಟ್ಟುಕೊಳ್ಳುತ್ತದೆ.

ಹೊಸ ರಿಲೇ ಬಂದ ಮೇಲೆ ಕೂರಿಸುವುದು ದೊಡ್ಡ ಕೆಲಸವೇನಲ್ಲ. ಲಗ್ ಕೂರುವ ಜಾಗಗಳನ್ನು ಉಜ್ಜಿ ಹೊಳೆಯಿಸಿ, ನಟ್ ಬಿಗಿದು, ಆಮೇಲೆ ಮೇಲಿನಿಂದ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿದೆ. ಮೊದಲು ಬಿಗಿಯುವುದು, ಆಮೇಲೆ ಗ್ರೀಸ್. ವೈರುಗಳನ್ನು ರಿಲೇಯಿಂದ ಒಮ್ಮೆ ಕೆಳಕ್ಕೆ ಬಾಗಿಸಿ ಮತ್ತೆ ಮೇಲಕ್ಕೆ ಕಟ್ಟಿದೆ. ವೈರಿನ ಮೇಲೆ ಹರಿದು ಬರುವ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ, ರಿಲೇ ತನಕ ಬರುವುದಿಲ್ಲ.

ಮೇಲಕ್ಕೆ ಒತ್ತಿದೆ. ಎದ್ದಿತು. ಏಳುತ್ತಿರುವಾಗಲೇ ಹಸಿರಿನ ಲಗ್ಗಿನಿಂದ ಬ್ಯಾಟರಿ ಮೈನಸ್‌ಗೆ ಅಳೆದೆ, 0.2 ವೋಲ್ಟ್. ಮೊದಲು 12.6 ಇದ್ದ ಜಾಗ ಅದು. ಬ್ಯಾಟರಿ ಪ್ಲಸ್‌ನಿಂದ ನೀಲಿಯ ಲಗ್ಗಿಗೂ ಅಷ್ಟೇ. ಡಿಸಿ ಕ್ಲ್ಯಾಂಪ್ ಮೀಟರಿನಲ್ಲಿ ಏಳುವಾಗ 20ರಿಂದ 25 ಆಂಪ್, ಕೊನೆ ಮುಟ್ಟಿದಾಗ 40 ದಾಟಿತು. ಕಾರಿನ ರಿಲೇ ಬೇಡ ಅಂದದ್ದು ಯಾಕೆ ಅಂತ ತಮ್ಮನಿಗೆ ಆ ಅಂಕಿ ತೋರಿಸಿದೆ.

ಇಂಜಿನ್ ಪೂರ್ತಿ ಮೇಲಿರುವಾಗಲೇ ಟಿಲ್ಟ್ ಆಯಿಲ್ ಕೂಡ ನೋಡಿದೆ. ಇದರ ಆಯಿಲ್ ಕ್ಯಾಪ್ ತೆಗೆಯಬೇಕಾದ್ದು ಹಾಗೆಯೇ. ಕೊಂಚ ಕಡಿಮೆ ಇತ್ತು, ತುಂಬಿಸಿದೆ. ಹಾಲಿನ ಬಣ್ಣಕ್ಕೆ ತಿರುಗಿರಲಿಲ್ಲ, ಅಂದರೆ ಸೀಲಿನಿಂದ ನೀರು ಸೇರಿಲ್ಲ.

ದೋಣಿ ಇಲ್ಲದವರಿಗೂ ಇದು ಉಪಯೋಗಕ್ಕೆ ಬರುತ್ತದೆ. ಹೋದ ವಾರ ಶೆಡ್ಡಿಗೆ ಒಂದು ಕಾರು ಬಂದಿತ್ತು. ಪವರ್ ವಿಂಡೋ ಗಾಜು ಇಳಿಯುತ್ತದೆ, ಏರುವುದಿಲ್ಲ. ಎಷ್ಟೋ ಕಾರುಗಳಲ್ಲಿ ಅಲ್ಲೂ ಇದೇ ವ್ಯವಸ್ಥೆ, ಸುಮ್ಮನಿದ್ದಾಗ ಮೋಟರಿನ ಎರಡು ವೈರೂ ಮೈನಸ್ಸಿನಲ್ಲಿರುತ್ತವೆ. ಮೋಟರ್ ಬದಲಿಸೋಣ ಅಂತ ಹುಡುಗ ಬಾಗಿಲಿನ ಪ್ಯಾನಲ್ ಬಿಚ್ಚಲು ಹೊರಟಿದ್ದ. ಮೊದಲು ಸ್ವಿಚ್ಚಿನ ಇಳಿಸುವ ಬದಿಯ ಎನ್‌ಸಿ ಪಾಯಿಂಟ್ ನೋಡು ಅಂದೆ. ತೊಂದರೆ ಅಲ್ಲೇ ಇತ್ತು.

ಮುಚ್ಚಳದ ಹೊಸ ಬೀಡಿಂಗ್ ಇನ್ನೂ ಬಂದಿಲ್ಲ. ಅದನ್ನು ನೇರವಾಗಿ ಹೊನ್ನಾವರಕ್ಕೇ ಕಳಿಸಲು ಹೇಳಿದ್ದೇವೆ, ದೋಣಿ ನೀರಿಗಿಳಿಸುವ ಮೊದಲು ತಮ್ಮ ಹಾಕಿಕೊಳ್ಳುತ್ತಾನೆ. ಸದ್ಯಕ್ಕೆ ಹರಿದ ಜಾಗಕ್ಕೆ ರಬ್ಬರ್ ತುಂಡು ಅಂಟಿಸಿದ್ದೇನೆ. ಮುಂದೆ ಈ ಇಂಜಿನ್ ಬಿಚ್ಚುವವರಿಗೆ ಅಂತ ಮುಚ್ಚಳದ ಒಳಬದಿಗೆ ಒಂದು ಚೀಟಿ ಬರೆದು, ಮೇಲೆ ಪ್ಲಾಸ್ಟಿಕ್ ಟೇಪ್ ಹಾಕಿದ್ದೇನೆ. ಟಿಲ್ಟ್ ರಿಲೇ ಹೊಸದು, ಮೇಲೇಳುವಾಗ ಹಸಿರು ಲಗ್‌ನಿಂದ ಬ್ಯಾಟರಿ ಮೈನಸ್‌ಗೆ 0.2 ವೋಲ್ಟ್, ಅರ್ಧ ವೋಲ್ಟ್ ದಾಟಿದರೆ ರಿಲೇ ಬದಲಿಸಿ.